ಕಾಮಾಲೆಗೆ ಹಾಕಿದ ಬರೆ

೧೯೩೮ನೆಯ ಇಸವಿಯಲ್ಲಿ ನಾನು ಹಾಸನದಲ್ಲಿ ಪ್ರಾಸಿಕ್ಯೂಟಿಂಗ್ ಇನ್ಸ್‌ಪೆಕ್ಟರ್ ಆಗಿದ್ದೆ. ಹೆಸರು ಕೇಳಿ ಕಳ್ಳರನ್ನು ಅಟ್ಟಿಸಿಕೊಂಡು ಹೋಗುವವನು ಎಂದುಕೊಳ್ಳಬೇಡಿ. ಕಳ್ಳನನ್ನು ಹಿಡಿದು ತರುವವರು ಬೇರೆ. ಅವನು ಕಳ್ಳನೇ ಎಂದು ಕೆಳಗಿನ ಕೋರ್ಟುಗಳಲ್ಲಿ ಸರ್ಕಾರದ ಪರವಾಗಿ ನಿಂತು ಸಾಧಿಸುವುದು ನನ್ನ ಪಾಲಿನ ಕೆಲಸ. ಸಂಬಳ ಪೊಲೀಸ್ ಇಲಾಖೆಯದು, ಮಾಡುವುದು ವಕೀಲಿಕೆ. ಒಂದು ದಿನ ರೈಲು ಹತ್ತಿ ಹೊಳೆನರಸೀಪುರ, ಇನ್ನೊಂದು ದಿನ ಬಸ್ಸಿನಲ್ಲಿ ಅರಕಲಗೂಡು, ಮತ್ತೊಂದು ದಿನ ಚನ್ನರಾಯಪಟ್ಟಣ, ಮಿಕ್ಕ ದಿನ ಹಾಸನ. ತೆಂಗಿನಕಾಯಿ ಕಳವು, ಗದ್ದೆಯ ಬದುವಿನ ಮೇಲೆ ಹೊಡೆದಾಟ, ಕುಡಿದು ಬೈದಾಡಿದ್ದು, ಇಂಥವೇ ಹೆಚ್ಚು. ನನಗೆ ಸಿಟ್ಟು ಬೇಗ ಬರುತ್ತಿತ್ತು, ನಾಲಗೆಯೂ ಸ್ವಲ್ಪ ಉದ್ದ. "ಕೋರ್ಟನ್ನು ಕೋರ್ಟಿನಲ್ಲೇ ಬಿಟ್ಟು ಬರಬಾರದೇ?" ಎಂದು ನನ್ನ ಹೆಂಡತಿ ದಿನವೂ ಗದರುತ್ತಿದ್ದಳು.

ನಿವೃತ್ತನಾದ ಮೇಲೆ ಸಾಯಂಕಾಲ ಜಗಲಿಗೆ ಬಂದು ಕೂರುವ ಗೆಳೆಯರು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. ಪೆಟ್ಟು ತಿಂದವರೇ ಬಂದು "ನನಗೇನೂ ಆಗಿಲ್ಲ" ಎಂದುಬಿಟ್ಟರೆ ಕೇಸು ನಡೆಯುತ್ತದೆಯೇ? ನಡೆಯುತ್ತದೆ ಎನ್ನುತ್ತೇನೆ. ಕಾನೂನಿನ ಕಣ್ಣಿನಲ್ಲಿ ಅಪರಾಧವೆನ್ನುವುದು ಒಬ್ಬರ ಮನೆಯ ಜಗಳವಲ್ಲ. ದೂರು ಯಾರೇ ಕೊಟ್ಟಿರಲಿ, ಕೋರ್ಟಿನಲ್ಲಿ ಸರ್ಕಾರವೇ ಫಿರ್ಯಾದಿ. ಆದ್ದರಿಂದ ಪೆಟ್ಟು ತಿಂದವರು ಬೇಡವೆಂದರೂ ಕೇಸು ನಡೆಯುತ್ತದೆ. ಅಂಥದ್ದೊಂದನ್ನು ನಾನು ನಡೆಸಿದ್ದೇನೆ. ಅದು ನಡೆದು ಎಲ್ಲಿಗೆ ಹೋಗಿ ಮುಟ್ಟಿತು ಎನ್ನುವುದನ್ನು ಮಾತ್ರ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಈಗ ಬರೆಯುತ್ತೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ, ಹಳ್ಳಿಗಳ ಹೆಸರನ್ನು ಬಿಟ್ಟಿದ್ದೇನೆ.

ಆ ವರ್ಷ ಗೌರಿಹಬ್ಬಕ್ಕೆ ಸಣ್ಣಮ್ಮ ಎಂಬ ಹುಡುಗಿ ತವರಿಗೆ ಬಂದಳು. ತವರು ಸಾಲಗಾಮೆಯ ಕಡೆಯ ಒಂದು ಹಳ್ಳಿ. ಗಂಡನ ಮನೆ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯಲ್ಲಿ. ಹದಿನೆಂಟರ ಆಸುಪಾಸಿನ ವಯಸ್ಸು, ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ಹಬ್ಬದ ಬೆಳಿಗ್ಗೆ ತಾಯಿ ಕಾಳಮ್ಮ ಮಗಳಿಗೆ ಎಣ್ಣೆನೀರು ಹಾಕಲು ಬಚ್ಚಲಿಗೆ ಕರೆದಿದ್ದಾಳೆ. ಹುಡುಗಿ ಬಾರೆನೆಂದಿದ್ದಾಳೆ. ತಾಯಿ ಬಿಡದೆ ಕೈಹಿಡಿದು ಎಳೆದು ಕೂರಿಸಿದ್ದಾಳೆ. ಸೆರಗು ಜಾರಿಸಿ ನೋಡಿದರೆ ಬೆನ್ನಿನ ಮೇಲೆ, ರೆಕ್ಕೆಮೂಳೆಗಳ ಕೆಳಗೆ, ನಾಲ್ಕು ಬರೆ. ಎರಡು ಇನ್ನೂ ಮಾಗಿರಲಿಲ್ಲ, ರವಿಕೆ ಅಂಟಿಕೊಂಡಿತ್ತಂತೆ.

ಕಾಳಮ್ಮ ಗಂಡ ಸತ್ತ ಮೇಲೆ ಒಬ್ಬಳೇ ನೇಗಿಲು ಹೂಡಿಸಿ ಹೊಲ ಮಾಡಿದ ಹೆಂಗಸು. ಎಣ್ಣೆಯ ಬಟ್ಟಲನ್ನು ಅಲ್ಲೇ ಬಿಟ್ಟು, ಗಾಡಿ ಹೂಡಿಸಿ, ಮಗಳನ್ನು ನೇರವಾಗಿ ಹಾಸನದ ಆಸ್ಪತ್ರೆಗೆ ಕರೆತಂದಳು. ಲೇಡಿ ಡಾಕ್ಟರು ಗಾಯ ನೋಡಿ, ಕಾದ ಕಬ್ಬಿಣದಿಂದ ಆದದ್ದೆಂದು ಸರ್ಟಿಫಿಕೇಟು ಬರೆದು, ಪೊಲೀಸರಿಗೆ ತಿಳಿಸಿದರು. ದೂರು ಕೊಟ್ಟವಳು ಕಾಳಮ್ಮ. ಹಬ್ಬಕ್ಕೆ ಮುಂಚೆ ಹುಡುಗಿ ಒಮ್ಮೆ ಹೇಳದೆ ಕೇಳದೆ ತವರಿಗೆ ಬಂದಿದ್ದಳು, ಅಣ್ಣ ಬುದ್ಧಿ ಹೇಳಿ ವಾಪಸು ಬಿಟ್ಟು ಬಂದಿದ್ದ. ಹೋದ ದಿನವೇ ಗಂಡ ಬೋರೇಗೌಡ ಹಿಡಿದುಕೊಂಡಿದ್ದಾನೆ, ಅತ್ತೆ ನಂಜಮ್ಮ ಕುಡುಗೋಲನ್ನು ಒಲೆಯಲ್ಲಿ ಕಾಯಿಸಿ ಬರೆ ಹಾಕಿದ್ದಾಳೆ. ಬಚ್ಚಲಿನಲ್ಲಿ ಮಗಳು ಅತ್ತುಕೊಂಡು ತಾಯಿಗೆ ಹೇಳಿದ್ದು ಇಷ್ಟು. ಆಮೇಲೆ ಅವಳು ಯಾರ ಹತ್ತಿರವೂ ಇದನ್ನು ಹೇಳಲಿಲ್ಲ.

ಫೈಲು ನನ್ನ ಮೇಜಿಗೆ ಬರುವ ಹೊತ್ತಿಗೆ ಹುಡುಗಿ ಗಂಡನ ಮನೆಗೆ ವಾಪಸು ಹೋಗಿಯಾಗಿತ್ತು. ಓದಿ ನನಗೆ ಮೈಯೆಲ್ಲ ಉರಿಯಿತು. "ಯಾವನಯ್ಯ ಇವಳನ್ನು ಮತ್ತೆ ಅಲ್ಲಿಗೆ ಕಳುಹಿಸಿದ ಮಹಾನುಭಾವ?" ಎಂದು ದಫೇದಾರನ ಮೇಲೆ ಹಾರಾಡಿದೆ. ಅವನು ಪಾಪ ಏನು ಮಾಡಿಯಾನು! ಕರೆದುಕೊಂಡು ಹೋಗಿ ಬಿಟ್ಟವನು ಹುಡುಗಿಯ ಅಣ್ಣ ತಮ್ಮಯ್ಯನೇ.

ತಮ್ಮಯ್ಯನನ್ನು ಕರೆಸಿದೆ. ಗಟ್ಟಿಮುಟ್ಟಾದ ಆಳು, ಆದರೆ ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದ, ಒಳಗೆ ಬರಲಿಲ್ಲ. ಹಿಂದೆ ಕಾಳಮ್ಮ.

"ತಂಗಿಯನ್ನು ಸುಟ್ಟವರ ಮನೆಗೇ ಬಿಟ್ಟು ಬಂದೆಯಲ್ಲಯ್ಯ, ನೀನು ಮನುಷ್ಯನೋ ಮರದ ಕೊರಡೋ?" ಎಂದೆ.

"ನಮ್ದು ಕೊಟ್ಟು ತಂದಿರೋ ಸಂಬಂಧ ಸಾ," ಎಂದ. ಅಷ್ಟು ಹೇಳಿದರೆ ಎಲ್ಲವನ್ನೂ ಹೇಳಿದಂತೆ ಎಂಬ ಹಾಗೆ.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಸಣ್ಣಮ್ಮನನ್ನು ಬೋರೇಗೌಡನಿಗೆ ಕೊಟ್ಟ ಚಪ್ಪರದಲ್ಲೇ ಬೋರೇಗೌಡನ ತಂಗಿ ಲಕ್ಷ್ಮಮ್ಮನನ್ನು ತಮ್ಮಯ್ಯನಿಗೆ ತಂದಿದ್ದರು. ಒಂದು ಮನೆಯ ಹೆಣ್ಣು ಆ ಮನೆಗೆ, ಆ ಮನೆಯ ಹೆಣ್ಣು ಈ ಮನೆಗೆ. ಹೀಗೆ ಮಾಡಿಕೊಂಡರೆ ಎರಡು ಕಡೆಯವರೂ ಸೊಸೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಹಿರಿಯರ ಎಣಿಕೆ. ಆದರೆ ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯೂ ಕೆಡಬೇಕು. ಲಕ್ಷ್ಮಮ್ಮ ಆಗ ಮೂರು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ, ಅಂದರೆ ನಂಜಮ್ಮನ ಮನೆಯಲ್ಲೇ ಆಗಬೇಕು. ಆ ಕಡೆಯಿಂದ ಹೇಳಿಕಳುಹಿಸಿದ್ದರು: ಕೇಸು ನಡೆದು ಗಂಡಸಿಗೆ ಶಿಕ್ಷೆಯಾದರೆ ಬಾಣಂತನಕ್ಕೆ ಬಂದ ಹುಡುಗಿಯೂ ವಾಪಸು ಬರುವುದಿಲ್ಲ, ಕೂಸೂ ಬರುವುದಿಲ್ಲ. ಇದರಲ್ಲಿ ಕಾನೂನಿಗೆ ಸಿಕ್ಕುವ ಬೆದರಿಕೆ ಎಲ್ಲಿದೆ ಹೇಳಿ! ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಹೋಗಬೇಡಿ ಎಂದು ಯಾವ ಮ್ಯಾಜಿಸ್ಟ್ರೇಟರೂ ಆರ್ಡರು ಮಾಡಲಾರರು.

"ನಾನೇನ್ ಮಾಡ್ಲಿ ಸಾ," ಎಂದ ತಮ್ಮಯ್ಯ. "ಈಗ ಒಂದ್ಮನೆ ಕೆಟ್ಟದೆ, ಎರಡ್ಮನೆ ಕೆಡಿಸ್ಲಾ?"

ಕಾಳಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಳು. "ಇವ್ನ್ ಮಾತು ಬುಡಿ ಸಾ. ದನಕ್ಕೂ ಬರೆ ಆಕ್ತಾರೆ, ಕಾಯ್ಲೆ ಬಂದ್ರೆ ಆಕ್ತಾರೆ. ಸುಮ್ಸುಮ್ನೆ ದನಕ್ಕೂ ಆಕಾಕಿಲ್ಲ. ನನ್ ಮಗ್ಳನ್ನ ಆ ಮನೆಯಿಂದ ಬುಡಿಸ್ಕೊಡಿ. ನಂಗಿನ್ನೇನೂ ಬ್ಯಾಡ."

ಬಿಡಿಸಿಕೊಡುತ್ತೇನೆ ಎಂದು ನಾನು ಮಾತು ಕೊಡಲಿಲ್ಲ. ಅಷ್ಟು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದವನು ಮಾತು ಕೊಡುವುದಿಲ್ಲ. ಶಿಕ್ಷೆಯಾದರೆ ಆ ತೀರ್ಪನ್ನು ಮುಂದಿಟ್ಟುಕೊಂಡು ಮಗಳನ್ನು ತವರಿನಲ್ಲೇ ಉಳಿಸಿಕೊಳ್ಳಬಹುದು, ಜೀವನಾಂಶ ಕೇಳಬಹುದು, ಊರವರ ಬಾಯಿ ಮುಚ್ಚಿಸಬಹುದು ಎಂದಷ್ಟೇ ಹೇಳಿದೆ. ಶಿಕ್ಷೆಯಾಗದಿದ್ದರೆ? ಅದನ್ನು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಳೆನರಸೀಪುರದ ಕೋರ್ಟಿನಲ್ಲಿ ಚಾರ್ಜ್‌ಷೀಟು ಹಾಕಿದೆವು. ಅಪಾಯಕಾರಿ ಸಾಧನದಿಂದ, ಎಂದರೆ ಬೆಂಕಿಯಿಂದಲೋ ಕಾದ ವಸ್ತುವಿನಿಂದಲೋ ಮಾಡಿದ ಗಾಯಕ್ಕೆ ಪಿನಲ್ ಕೋಡಿನಲ್ಲಿ ಮುನ್ನೂರ ಇಪ್ಪತ್ತನಾಲ್ಕನೆಯ ಸೆಕ್ಷನ್ ಇದೆ. ಒಂದನೆಯ ಆರೋಪಿ ನಂಜಮ್ಮ, ಎರಡನೆಯವನು ಬೋರೇಗೌಡ. ಈ ಸೆಕ್ಷನ್ನಿನಲ್ಲಿ ಕೋರ್ಟಿನ ಅಪ್ಪಣೆ ಪಡೆದು ರಾಜಿಯಾಗುವುದಕ್ಕೂ ಅವಕಾಶವಿತ್ತು. ಅವರು ಅದಕ್ಕೂ ಬರಲಿಲ್ಲ. ರಾಜಿಯಾಗಬೇಕಾದರೆ ಗಾಯಪಟ್ಟವಳು "ಹೌದು, ನನಗೆ ನೋವು ಮಾಡಿದ್ದಾರೆ, ಕ್ಷಮಿಸಿದ್ದೇನೆ" ಎನ್ನಬೇಕು. ಅಷ್ಟನ್ನು ಹೇಳುವುದಕ್ಕೂ ಹುಡುಗಿ ತಯಾರಿರಲಿಲ್ಲ.

ವಿಚಾರಣೆ ೧೯೩೯ರ ಆರಂಭದಲ್ಲಿ ಬಂತು. ಬೆಳಗಿನ ರೈಲಿಗೆ ಲೇಡಿ ಡಾಕ್ಟರೂ ನಾನೂ ಒಂದೇ ಡಬ್ಬಿಯಲ್ಲಿ ಹೋದೆವು. ಆಕೆ ಹೆಚ್ಚು ಮಾತಿನವರಲ್ಲ. "ಏನಿಂದ ಸುಟ್ಟಿದ್ದಾರೆ ಎಂದು ನಾನು ಹೇಳಬಲ್ಲೆ. ಏಕೆ ಸುಟ್ಟಿದ್ದಾರೆ ಎಂದು ಗಾಯ ಹೇಳುವುದಿಲ್ಲವಲ್ಲ" ಎಂದರು. ನನಗೂ ಅದೇ ಚಿಂತೆ.

ಕೋರ್ಟು ಕೂರುವ ಮೊದಲು ಸಣ್ಣಮ್ಮನನ್ನು ಸಾಕ್ಷಿಗಳ ಜಗಲಿಯಲ್ಲಿ ಕಂಡೆ. ಸಣ್ಣ ಮೈಕಟ್ಟು, ಹಣೆ ತುಂಬ ಕುಂಕುಮ, ಹೊಸ ಸೀರೆ ಉಡಿಸಿ ಕರೆತಂದಿದ್ದರು. ಗಂಡನ ಕಡೆಯವರು ದೂರದ ಹೊಂಗೆಯ ಮರದ ಕೆಳಗಿದ್ದರು, ಕಣ್ಣು ಮಾತ್ರ ಇತ್ತಲೇ.

"ಹೆದರಬೇಡಮ್ಮ. ಒಳಗೆ ನಿನಗೆ ಯಾರೂ ಏನೂ ಮಾಡುವಂತಿಲ್ಲ. ಯಾರು ಸುಟ್ಟದ್ದು?"

"ಕಾಮಾಲೆ ಬಂದಿತ್ತು ಸಾ. ಅದ್ಕೆ ಆಕುಸ್ಕಂಡೆ."

ಕಾಮಾಲೆಗೆ ಬರೆ ಹಾಕುವುದು ನಮ್ಮ ಸೀಮೆಯಲ್ಲಿ ಆಗ ಮನೆಮನೆಯ ವೈದ್ಯ. ಕಣ್ಣು ಹಳದಿಯಾಯಿತೆಂದರೆ ಆಸ್ಪತ್ರೆಗೆ ಹೋಗುವವರು ಯಾರು? ಬಳೆಯ ಚೂರನ್ನೋ ಅರಿಶಿನದ ಕೊಂಬನ್ನೋ ಕಾಯಿಸಿ, ಮುಂಗೈಗೆ ಚುರ್ ಎನಿಸಿ, ಪಥ್ಯ ಹೇಳಿ ಕಳುಹಿಸುತ್ತಿದ್ದರು. ನನ್ನ ಮುಂಗೈಯಲ್ಲೇ ಅಂಥದ್ದೊಂದು ಚುಕ್ಕೆಯಿದೆ, ಚಿಕ್ಕಂದಿನಲ್ಲಿ ನಮ್ಮಜ್ಜಿ ಹಾಕಿಸಿದ್ದು. ಅದನ್ನೇ ತೋರಿಸಿದೆ.

"ನೋಡು ತಾಯಿ, ಕಾಮಾಲೆಗೆ ಹಾಕುವುದು ಇಲ್ಲಿಗೆ. ಬೆನ್ನಿಗೆ ಯಾರು ಹಾಕುತ್ತಾರೆ?"

ಅವಳು ನನ್ನ ಮುಂಗೈಯನ್ನು ನೋಡಿದಳು. ಕಾಳಮ್ಮ ಪಕ್ಕದಲ್ಲಿ ಕುಕ್ಕರಿಸಿ ಕೂತು, "ಬಾಯ್ಬುಟ್ಟು ಯೋಳೇ! ಬಚ್ಚಲಾಗೆ ನನ್ ಮಡ್ಲಿಗ್ ತಲೆ ಇಟ್ಟು ಅತ್ತಿಲ್ವಾ ನೀನು? ಈಗ ಯಾಕೆ ಬಾಯಿ ಕಟ್ಟೋಯ್ತು?" ಎಂದು ಅಂಗಲಾಚಿದಳು. ಹುಡುಗಿ ತಾಯಿಯ ಕೆನ್ನೆ ಒರೆಸಿ, "ಅತ್ಗೆ ಬಸ್ರಿ ಕಣವ್ವ" ಎಂದಳು.

ಇನ್ನು ಕೋರ್ಟಿನ ಕಥೆ. ಸಣ್ಣಮ್ಮ ಕಟಕಟೆ ಹತ್ತಿ, ಪ್ರಮಾಣ ಮಾಡಿ, ಕಾಮಾಲೆ ಬಂದಿತ್ತು, ನಾನೇ ಕೇಳಿ ಬರೆ ಹಾಕಿಸಿಕೊಂಡೆ, ವಾಸಿಯಾಯಿತು ಎಂದಳು. ನಮ್ಮದೇ ಸಾಕ್ಷಿ ನಮಗೆ ತಿರುಗಿಬಿದ್ದರೆ ಅದಕ್ಕೆ ಹಾಸ್ಟೈಲ್ ವಿಟ್ನೆಸ್ ಎನ್ನುತ್ತಾರೆ. ಆಗ ಎದುರು ಪಕ್ಷದ ಸಾಕ್ಷಿಯನ್ನು ಪಾಟೀಸವಾಲು ಮಾಡಿದಂತೆ ಅವಳನ್ನೂ ಮಾಡಲು ಕೋರ್ಟಿನ ಅಪ್ಪಣೆ ಸಿಕ್ಕುತ್ತದೆ. ಸಿಕ್ಕಿತು. ನಾನು ಮಾಡಿದೆ. ಕುಡುಗೋಲು ಏಕೆ? ಬೆನ್ನಿಗೆ ಏಕೆ? ಗಂಡ ಹಿಡಿದುಕೊಂಡದ್ದು ಏಕೆ? ಒಂದೊಂದಕ್ಕೂ ಒಂದೇ ಉತ್ತರ: "ಕಾಮಾಲೆ ಬಂದಿತ್ತು." ಅವಳನ್ನು ಅದಕ್ಕಿಂತ ಹೆಚ್ಚು ಗದರಿಸುವುದು ನನ್ನಿಂದ ಆಗಲಿಲ್ಲ. ಒಂದು ಸಲ ಸುಟ್ಟವರು ಅವರು, ಇನ್ನೊಂದು ಸಲ ನಾನು ಸುಡಲೇ?

ಕಾಳಮ್ಮ ಬಂದಳು. ಬಚ್ಚಲಿನಲ್ಲಿ ಕಂಡದ್ದನ್ನು ಹೇಳಿದಳು, ಅದನ್ನು ಬರೆದುಕೊಂಡರು. ಮಗಳು ಹೇಳಿದ್ದನ್ನು ಹೇಳಹೊರಟಾಗ ಆರೋಪಿಗಳ ವಕೀಲರು ಎದ್ದು ನಿಂತರು. ಇನ್ನೊಬ್ಬರು ಹೇಳಿದರು ಎಂದು ಹೇಳುವ ಮಾತು ಸಾಕ್ಷ್ಯವಲ್ಲ, ಹೇಳಿದವಳೇ ಬಂದು ಹಾಗಲ್ಲವೆಂದ ಮೇಲಂತೂ ಅಲ್ಲವೇ ಅಲ್ಲ. ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟರು. "ಯಾಕ್ ಸ್ವಾಮಿ ಬರ್ಕಳಾಕಿಲ್ಲ? ಎತ್ತ ತಾಯಿ ಮಾತು ಮಾತಲ್ವಾ?" ಎಂದು ಕಾಳಮ್ಮ ಕೇಳಿದಳು. ಜವಾನ ಅವಳನ್ನು ಇಳಿಸಿದ.

ಲೇಡಿ ಡಾಕ್ಟರು ಬರೆಗಳ ಉದ್ದಗಲ ಹೇಳಿದರು. ಹುಡುಗಿಯ ಕಣ್ಣಿನಲ್ಲಿ ಹಳದಿಯ ಲಕ್ಷಣವೇ ಕಾಣಲಿಲ್ಲ ಎಂದರು. ಎದುರಿನ ವಕೀಲರು ಘಾಟಿ. "ತಾವು ನೋಡಿದ್ದು ಬರೆ ಹಾಕಿದ ಮೇಲಲ್ಲವೇ? ಬರೆ ಹಾಕಿದ್ದರಿಂದ ವಾಸಿಯಾಗಿತ್ತು!" ಎಂದರು. ಹಿಂದೆ ಕೂತವರು ಕಿಸಕ್ಕೆಂದರು. ವಕೀಲರ ಆಟ ನನಗೆ ಆಗಲೇ ತಿಳಿದಿತ್ತು. ಒಬ್ಬರ ಒಳ್ಳೆಯದಕ್ಕೆಂದು ನಂಬಿ, ಅವರ ಒಪ್ಪಿಗೆಯಿಂದ ಮಾಡಿದ್ದು ನೋವುಂಟುಮಾಡಿದರೂ ಅಪರಾಧವಲ್ಲ ಎಂದು ಅದೇ ಪಿನಲ್ ಕೋಡಿನ ಇನ್ನೊಂದು ಸೆಕ್ಷನ್ ಹೇಳುತ್ತದೆ. ಆ ಸೆಕ್ಷನ್ ಇಲ್ಲದಿದ್ದರೆ ಯಾವ ಡಾಕ್ಟರೂ ಕುರು ಕೊಯ್ಯುವಂತಿಲ್ಲ. ಈಗ ಅದರ ಬಾಗಿಲಿನಿಂದಲೇ ಕುಡುಗೋಲೂ ಆಚೆ ಹೋಗುವುದರಲ್ಲಿತ್ತು.

ನನ್ನ ಕೈಯಲ್ಲಿ ಉಳಿದಿದ್ದದ್ದು ಒಂದೇ ದಾರ. ಕಾಮಾಲೆಗೆ ಮುಂಗೈಗೆ ಹಾಕುತ್ತಾರೆಯೇ ಹೊರತು ಬೆನ್ನಿಗೆ ಹಾಕುವ ವಾಡಿಕೆ ಎಲ್ಲೂ ಇಲ್ಲ. ಊರಿನ ಪಟೇಲನಿಂದಲೇ ಅಷ್ಟನ್ನು ಹೇಳಿಸಿದ್ದೆ. ಆದ್ದರಿಂದ ಇದು ವೈದ್ಯವಲ್ಲ, ಶಿಕ್ಷೆ. ಮ್ಯಾಜಿಸ್ಟ್ರೇಟರು ಅದನ್ನು ಗುರುತು ಹಾಕಿಕೊಂಡದ್ದನ್ನು ಕಣ್ಣಾರೆ ಕಂಡೆ. ಅವರು ಸಾವಧಾನದ, ನ್ಯಾಯವಂತ ಮನುಷ್ಯ. ಅರ್ಧ ಗೆದ್ದೆ ಎಂದುಕೊಂಡೆ.

ಸಾಕ್ಷಿಗಳು ಮುಗಿದ ಮೇಲೆ ಆರೋಪಿಗಳ ಹೇಳಿಕೆ. ಆಗಿನ ಕಾನೂನಿನಲ್ಲಿ ಆರೋಪಿಗೆ ಪ್ರಮಾಣವಿಲ್ಲ, ನಾವು ಅವರನ್ನು ಪ್ರಶ್ನಿಸುವಂತೆಯೂ ಇಲ್ಲ. ಕೇಳುವವರು ಮ್ಯಾಜಿಸ್ಟ್ರೇಟರು ಮಾತ್ರ. ನಂಜಮ್ಮ ಮುಂದೆ ಬಂದಳು. ನಾನು ಯಾವುದೋ ಬಜಾರಿಯನ್ನು ನಿರೀಕ್ಷಿಸಿದ್ದೆ. ಬಂದವಳು ಒಣಕಲು ಹೆಂಗಸು, ಐವತ್ತು ದಾಟಿರಬಹುದು, ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಉಗಿದು ಬಂದು ಕೈಮುಗಿದು ನಿಂತಳು.

"ಸೊಸೆಗೆ ನೀನು ಬರೆ ಹಾಕಿದೆಯಾ?"

"ಆಕ್ದೆ ಸ್ವಾಮಿ. ಕಾಮಾಲೆ ಬಂದಿತ್ತು."

"ಕಾಮಾಲೆಗೆ ಬೆನ್ನಿಗೆ ಹಾಕುತ್ತಾರೆಯೇ?"

ವಕೀಲರು ಹೇಳಿಕೊಟ್ಟದ್ದು ಅಲ್ಲಿಗೆ ಮುಗಿದಿತ್ತೆಂದು ಕಾಣುತ್ತದೆ, ಅವರ ಮುಖ ಬಿಗಿಯಿತು. ನಂಜಮ್ಮ ಸ್ವಲ್ಪವೂ ತಡವರಿಸಲಿಲ್ಲ.

"ಬ್ಯಾರೇರ ಮನೇಲಿ ಎಲ್ಲಿಗ್ ಆಕ್ತಾರೋ ನಾ ಕಾಣೆ. ನಮ್ಮನೇಲಿ ಬೆನ್ಗೇ ಆಕೋದು. ನಂಗೂ ಬೆನ್ಗೇ ಆಕವ್ರೆ."

"ಯಾರು ಹಾಕಿದರು?"

"ನಮ್ಮತ್ತೆ. ಸುಳ್ಳಾದ್ರೆ ಡಾಕ್ಟ್ರಮ್ಮ ಅವ್ರಲ್ಲ, ನೋಡ್ಲಿ."

ವಕೀಲರಿಗೇ ಇದು ಗೊತ್ತಿರಲಿಲ್ಲ. ಅವರು ಗಡಿಬಿಡಿಯಿಂದ ಎದ್ದು, ಪರೀಕ್ಷೆಯಾಗಲಿ ಎಂದು ಕೋರಿಕೊಂಡರು. ಮ್ಯಾಜಿಸ್ಟ್ರೇಟರ ಖಾಸಗಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಲೇಡಿ ಡಾಕ್ಟರು ಅವಳ ಬೆನ್ನು ನೋಡಿದರು. ಹೊರಗೆ ಬಂದು ಮತ್ತೆ ಕಟಕಟೆ ಹತ್ತಿದರು. ನಾಲ್ಕು ಹಳೆಯ ಬರೆಗಳಿವೆ, ಇಪ್ಪತ್ತೈದು ಮೂವತ್ತು ವರ್ಷದವು ಇರಬಹುದು, ಜಾಗ ಅದೇ, ರೆಕ್ಕೆಮೂಳೆಗಳ ಕೆಳಗೆ, ಎಂದರು.

ಅಯ್ಯೋ ಶಿವನೇ ಎಂದುಕೊಂಡೆ. ಒಂದು ಹೆಂಗಸು ತನ್ನನ್ನು ಸುಟ್ಟದ್ದನ್ನು ತನ್ನ ಮಗನನ್ನು ಉಳಿಸುವುದಕ್ಕೆ ಪುರಾವೆಯಾಗಿ ತಂದಿಟ್ಟಿದ್ದಳು. ಅದು ಪುರಾವೆಯೂ ಆಗಿಹೋಗಿತ್ತು. ಮನೆಯ ವಾಡಿಕೆ ಇಲ್ಲ ಎಂದು ಇನ್ನು ಯಾವ ಬಾಯಲ್ಲಿ ಹೇಳಲಿ?

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆಗ ನಿನಗೂ ಕಾಮಾಲೆ ಬಂದಿತ್ತೇನಮ್ಮ?"

ನಂಜಮ್ಮ ಗೋಡೆಯ ಬದಿ ನಿಂತಿದ್ದ ಸೊಸೆಯ ಕಡೆ ಒಮ್ಮೆ ತಿರುಗಿದಳು.

"ಆ ಮನೇಗ್ ಸೊಸೆಯಾಗಿ ಬಂದೋರ್ಗೆಲ್ಲಾ ಬತ್ತದೆ ಸ್ವಾಮಿ," ಎಂದಳು.

ಈ ಸಲ ಯಾರೂ ನಗಲಿಲ್ಲ. ಹೇಳಿಕೆಗಳನ್ನು ಕೋರ್ಟು ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ಕಾಲ ಅದು. ಮ್ಯಾಜಿಸ್ಟ್ರೇಟರು ಬರೆದುದನ್ನು ಓದಿ ಹೇಳಿದರು: ಆ ಕುಟುಂಬದ ಸೊಸೆಯರಲ್ಲಿ ಕಾಮಾಲೆ ಸಾಮಾನ್ಯ. ನನಗೆ ತಡೆಯಲಾಗಲಿಲ್ಲ. ಎದ್ದು, "ಆಕೆ ಹೇಳಿದ್ದು ಅದಲ್ಲ ಸ್ವಾಮಿ, ಆಕೆ ಹೇಳಿದ್ದರ ಅರ್ಥ ಇಲ್ಲಿ ಎಲ್ಲರಿಗೂ ಆಗಿದೆ" ಎಂದುಬಿಟ್ಟೆ. ಅವರು ಸಿಟ್ಟು ಮಾಡಲಿಲ್ಲ. "ಆಕೆಯ ಮಾತನ್ನು ಬರೆದಿದ್ದೇನೆ ಇನ್ಸ್‌ಪೆಕ್ಟರೇ. ಅದಕ್ಕೆ ಬೇರೆ ಅರ್ಥವಿದ್ದರೆ ಸಾಕ್ಷ್ಯ ತನ್ನಿ" ಎಂದರು. ಎಲ್ಲಿಂದ ತರಲಿ? ಅರ್ಥ ಗೊತ್ತಿದ್ದ ಇಬ್ಬರೂ ಅಲ್ಲೇ ಇದ್ದರು. ಒಬ್ಬಳು ಆರೋಪಿ, ಇನ್ನೊಬ್ಬಳು ಆಗಲೇ ಸಾಕ್ಷಿ ನುಡಿದು ಮುಗಿಸಿದ್ದಳು.

ತೀರ್ಪು ಮುಂದಿನ ವಾಯಿದೆಗೆ ಬಂತು. ಗಾಯವಾದದ್ದು ನಿಜ, ಕಾದ ಕಬ್ಬಿಣದಿಂದ ಆದದ್ದು ನಿಜ, ಆದರೆ ಕೇಡು ಮಾಡುವ ಉದ್ದೇಶ ಸಂಶಯಾತೀತವಾಗಿ ಸಿದ್ಧವಾಗಿಲ್ಲ. ಇಬ್ಬರೂ ಬಿಡುಗಡೆ. ನಾನು ಆ ಕುರ್ಚಿಯಲ್ಲಿ ಕೂತಿದ್ದರೆ ಏನು ಬರೆಯುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬಾಯಿ ತುಂಬ ಬೈದುಕೊಂಡು ಅದನ್ನೇ ಬರೆಯುತ್ತಿದ್ದೆ.

ಹೊರಗೆ ಬಂದರೆ ಗಂಡನ ಕಡೆಯವರು ಗಾಡಿ ಹೂಡುವ ಸಂಭ್ರಮದಲ್ಲಿದ್ದರು. ಸಣ್ಣಮ್ಮ ಜಗಲಿಯ ಕಂಬದ ಹತ್ತಿರ ಒಬ್ಬಳೇ ನಿಂತಿದ್ದಳು. ಕೇಸು ಮುಗಿದಿತ್ತು, ಅವಳನ್ನು ಏನನ್ನೂ ಕೇಳುವ ಅಧಿಕಾರ ನನಗಿರಲಿಲ್ಲ. ಆದರೂ ಹೋಗಿ, "ಅತ್ತೆಯ ಬೆನ್ನಿನ ವಿಷಯ ನಿನಗೆ ಆವತ್ತು ಕೋರ್ಟಿನಲ್ಲೇ ಗೊತ್ತಾಯಿತೇನಮ್ಮ?" ಎಂದೆ. ಅಷ್ಟಾದರೂ ಅವಳ ಮನಸ್ಸು ಕಲಕಿರಬೇಕು, ಅದೊಂದನ್ನಾದರೂ ಕೇಳೋಣ ಎಂಬ ಆಸೆ.

ಅವಳು ನನ್ನನ್ನು ಏನೂ ತಿಳಿಯದ ಕೂಸನ್ನು ನೋಡುವ ಹಾಗೆ ನೋಡಿದಳು.

"ವಾರವಾರ ಎಣ್ಣೆ ಆಕಿ ಅತ್ತೆ ಬೆನ್ನುಜ್ಜೋಳು ನಾನೇ ಅಲ್ವಾ ಸಾ? ಮದ್ವೆಯಾಗ್ ಬಂದ ಮೊದಲ್ನೇ ವಾರ್ದಲ್ಲೇ ಕಂಡಿವ್ನಿ. ನಂಗೂ ಒಂದಿನ ಬೀಳ್ತವೆ ಅಂತ ಗೊತ್ತಿತ್ತು."

"ಗೊತ್ತಿದ್ದೂ ಇದ್ದೆಯಾ?"

"ಒಂದ್ಕಿತ ಓಡ್ಬಂದೆ. ಅಣ್ಣ ತಿರ್ಗಾ ಬುಟ್ಟು ಓದ. ಇನ್ನೆಲ್ಲಿಗ್ ಓಗ್ಲಿ ಸಾ?" ಎಂದಳು. ಆಮೇಲೆ ನನಗೆ ಸಮಾಧಾನ ಹೇಳುವವಳಂತೆ, "ಒಂದೇ ಕಿತ ಅಂತೆ ಆಕೋದು. ಅತ್ತೆ ಯೋಳವ್ರೆ. ಇನ್ ಆಕಾಕಿಲ್ಲ" ಎಂದಳು.

ಗಾಡಿಯವನು ಕೂಗಿದ. ನಂಜಮ್ಮ ಒಳಗೆ ಸರಿದು ಸೊಸೆಗೆ ಜಾಗ ಮಾಡಿ, ಗಾಡಿಯ ಗೂಟ ಬೆನ್ನಿಗೆ ಒತ್ತದಿರಲೆಂದು ತನ್ನ ಮಡಿಸಿದ ಕಂಬಳಿಯನ್ನು ಅವಳ ಹಿಂದೆ ಇಟ್ಟಳು. ಇದನ್ನು ನೋಡಿ ನನಗೆ ಬಂದಷ್ಟು ಸಂಕಟ ಬರೆಗಳ ಸರ್ಟಿಫಿಕೇಟು ಓದಿದಾಗಲೂ ಬಂದಿರಲಿಲ್ಲ.

ಕಾಳಮ್ಮ ನನ್ನ ಪಕ್ಕದಲ್ಲಿ ನಿಂತು ಗಾಡಿ ಹೊಳೆಯ ಕಡೆ ತಿರುಗುವವರೆಗೂ ನೋಡಿದಳು. "ಇನ್ನೇನೂ ಇಲ್ವಾ ಸಾ?" ಎಂದಳು. ಇದೆ ಎಂದೆ. ಬಿಡುಗಡೆಯ ಮೇಲೆ ಸರ್ಕಾರ ಅಪೀಲು ಹೋಗಬಹುದು. ಹಾಸನಕ್ಕೆ ಬಂದವನೇ ಉದ್ದನೆಯ ವರದಿ ಬರೆದು ಮೇಲಕ್ಕೆ ಕಳುಹಿಸಿದೆ. ಗಾಯಪಟ್ಟವಳೇ ತನಗೆ ಕೇಡಾಗಿಲ್ಲವೆಂದು ಪ್ರಮಾಣ ಮಾಡಿ ಹೇಳಿರುವಾಗ ಅಪೀಲಿಗೆ ಆಧಾರವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಅದನ್ನು ಓದಿ ಹೇಳುವುದಕ್ಕೆ ಕಾಳಮ್ಮನನ್ನು ಕರೆಸಿದ್ದೆ. ಅವಳು ಬರಲಿಲ್ಲ. ಲಕ್ಷ್ಮಮ್ಮನನ್ನು ಬಾಣಂತನಕ್ಕೆ ಕಳುಹಿಸಿಕೊಡುವ ಕೆಲಸದಲ್ಲಿದ್ದಾಳೆ ಎಂದು ದಫೇದಾರ ಹೇಳಿದ. ಲಕ್ಷ್ಮಮ್ಮ ಹೆತ್ತು, ಮೂರು ತಿಂಗಳ ಕೂಸಿನೊಡನೆ ಹೇಳಿದ ಹೊತ್ತಿಗೆ ಗಂಡನ ಮನೆಗೆ ವಾಪಸು ಬಂದಳಂತೆ. ನಂಜಮ್ಮನ ಮನೆಯವರು ಮಾತಿಗೆ ತಪ್ಪುವವರಲ್ಲ.

ಯುದ್ಧದ ಕಾಲಕ್ಕೆ ನನಗೆ ಚನ್ನರಾಯಪಟ್ಟಣದ ಕೋರ್ಟಿನ ಕೆಲಸವೇ ಹೆಚ್ಚಾಗಿತ್ತು. ೧೯೪೩ರಲ್ಲಿ ಒಂದು ಮಂಗಳವಾರ, ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಮುಖ ಮಸಿ ಮಾಡಿಕೊಂಡು ಹಾಸನಕ್ಕೆ ಬಂದವನು, ತರಕಾರಿ ಕೊಳ್ಳೋಣವೆಂದು ಸಂತೆಗೆ ಹೋದೆ. ಹಿಂದಿನಿಂದ ಯಾರೋ ತೋಳು ಹಿಡಿದರು. ಕಾಳಮ್ಮ. ಹಲ್ಲು ಬಿದ್ದಿ‌ದ್ದವು, ಆದರೆ ಮುಖ ಅರಳಿತ್ತು.

"ಕೈ ನೀಡಿ ಸಾ," ಎಂದು ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಗೆ ಒಂದು ಚಿಟಿಕೆ ಸಕ್ಕರೆ ಹಾಕಿದಳು. ಸಕ್ಕರೆ ಕಂಟ್ರೋಲಿನಲ್ಲಿದ್ದ ಕಾಲ. ಅಷ್ಟನ್ನು ಎಲ್ಲಿ ಕಾಡಿ ಬೇಡಿ ತಂದಿದ್ದಳೋ. "ನಮ್ ಸಣ್ಣಿಗೆ ಗಂಡು ಮೊಗ! ಏಳು ವರ್ಸಕ್ಕೆ ದೇವ್ರು ಕಣ್ಬುಟ್ಟ."

ಸಂತೋಷವೆಂದೆ. ಅತ್ತೆ ಹೇಗಿದ್ದಾಳೆ ಎಂದು ಕೇಳಿದೆ. "ಕೈಕಾಲು ಬಿದ್ದೋಗವೆ. ಸಣ್ಣಿನೇ ಮೈ ತೊಳ್ದು ಅನ್ನ ಕಲ್ಸಿ ಇಕ್ತಾಳೆ. ಈಗ ಮನೇಲಿ ಅವ್ಳದೇ ಮಾತು" ಎಂದಳು. ಆಮೇಲೆ, ಅಂದು ನನ್ನ ಮುಂದೆ ಮಗನನ್ನು ಪಕ್ಕಕ್ಕೆ ತಳ್ಳಿದ ಅದೇ ಕಾಳಮ್ಮ, ಮಗಳನ್ನು ಆ ಮನೆಯಿಂದ ಬಿಡಿಸಿಕೊಡಿ ಎಂದು ಬೇಡಿದ ಅದೇ ಹೆಂಗಸು, ತೃಪ್ತಿಯಿಂದ ತಲೆಯಾಡಿಸಿ ಹೇಳಿದಳು: "ಇನ್ ಅವ್ಳಿಗ್ ಯಾತರ ಯೋಚ್ನೆ ಸಾ? ನಾಳೀಕೆ ಸೊಸೆ ಬಂದ್ರೆ ಅವ್ಳೂ ಕೂತ್ಕಂಡು ಬೆನ್ನುಜ್ಜಿಸ್ಕಬೋದು."

ಅವಳು ಸಂತೆಯ ಗದ್ದಲದಲ್ಲಿ ಕರಗಿಹೋದಳು. ಸಕ್ಕರೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಚೆಲ್ಲಲು ಮನಸ್ಸಾಗದೆ ಬಾಯಿಗೆ ಹಾಕಿಕೊಂಡೆ.

ಜಗಲಿಯ ಗೆಳೆಯರು ಕೇಳುವ ಪ್ರಶ್ನೆಗೆ ನನ್ನ ಉತ್ತರ ಈಗಲೂ ಅದೇ. ಗಾಯಪಟ್ಟವರು ಇಲ್ಲವೆಂದರೂ ಕೇಸು ನಡೆಯುತ್ತದೆ, ನಡೆಸಲೂಬೇಕು. ಆದರೆ ಅವರು ಸುಳ್ಳು ಹೇಳುತ್ತಿದ್ದಾರೆ, ಹೆದರಿದ್ದಾರೆ, ಧೈರ್ಯ ತುಂಬಿದರೆ ನಿಜ ಹೇಳುತ್ತಾರೆ ಎಂದು ಹುಮ್ಮಸ್ಸಿನಲ್ಲಿರುವ ಈಗಿನ ಹುಡುಗರಿಗೆ ಒಂದು ಮಾತು. ಸಣ್ಣಮ್ಮ ಹೆದರಿರಲಿಲ್ಲ. ಆ ಮನೆಯಲ್ಲಿ ತನ್ನ ಸರದಿ ಮುಗಿಯಿತು ಎಂದುಕೊಂಡಿದ್ದಳು. ಸರದಿಗೆ ಸೆಕ್ಷನ್ ಇಲ್ಲ ಎಂದು ಕೆಲಸ ನನಗೆ ಕಲಿಸಿತು. ಕಲಿತು ಯಾರಿಗೇನು ಉಪಯೋಗವಾಯಿತೋ ನಾನರಿಯೆ.

ಮೊನ್ನೆ ಕೂತು ಲೆಕ್ಕ ಹಾಕಿದೆ. ಆ ಸಕ್ಕರೆಯ ಮಗುವಿಗೆ ಈಗ ಇಪ್ಪತ್ತೆರಡು ತುಂಬಿರಬೇಕು. ಮದುವೆಯಾಗಿದ್ದರೂ ಆಗಿರಬಹುದು.